ಹಿರೇಮಣಿ: ಕಲಿಯುತ್ತಲೇ ಕಲಿಸಿದವರ ಚರಿತ್ರೆ

ಸರ್ಕಾರಿ ಶಾಲೆಗಳು ಹುಟ್ಟುವ ಮೊದಲು ಕನ್ನಡ ನಾಡಿನ ಅಕ್ಷರಾಭ್ಯಾಸವು ಬಹುಮಟ್ಟಿಗೆ ಕೂಲಿಮಠಗಳನ್ನು, ಅಂದರೆ ಪೋಷಕರು ಕೊಡುವ ಹಣ ಅಥವಾ ದವಸದ ಬಲದಿಂದ ಒಬ್ಬನೇ ಅಯ್ಯ (ಉಪಾಧ್ಯಾಯ) ನಡೆಸುತ್ತಿದ್ದ ಊರ ಶಾಲೆಗಳನ್ನು ಅವಲಂಬಿಸಿತ್ತು. ಓದಿನಲ್ಲಿ ಬೇರೆಬೇರೆ ಹಂತದಲ್ಲಿದ್ದ ಮಕ್ಕಳೆಲ್ಲರೂ ಒಂದೇ ಜಗಲಿಯ ಮೇಲೆ ಕೂಡುತ್ತಿದ್ದುದರಿಂದ, ಮುಂದುವರಿದ ಹುಡುಗನು ಹಿಂದಿನವನಿಗೆ ತಿದ್ದಿಸುವುದು ಅಲ್ಲಿನ ಸಹಜ ಕ್ರಮವಾಗಿ ಬೆಳೆಯಿತು. ಇಂಥ ಮುಂದಾಳು ವಿದ್ಯಾರ್ಥಿಯನ್ನು ಉತ್ತರ ಕರ್ನಾಟಕದಲ್ಲಿ ಹಿರೇಮಣಿ ಎಂದು ಕರೆಯುವ ರೂಢಿಯಿದೆ.

ಈ ಕ್ರಮದ ಅತ್ಯಂತ ವಿವರವಾದ ದಾಖಲೆಗಳಲ್ಲೊಂದು ಬಳ್ಳಾರಿಯಿಂದ ಬಂದುದು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿಯು ಅಂಕಿಸಂಖ್ಯೆಗಳ ಆಚೆಗೆ ಹೋಗಿ ಮಠದ ದಿನಚರಿಯನ್ನೇ ಚಿತ್ರಿಸುತ್ತದೆ. ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದು, ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಕಲಿಯುತ್ತಿದ್ದ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಬೆಳಿಗ್ಗೆ ಸುಮಾರು ಆರು ಗಂಟೆಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಗೌರವಾರ್ಥವಾಗಿ ಸರಸ್ವತಿಯ ಹೆಸರನ್ನೂ, ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆಯಲಾಗುತ್ತಿತ್ತು. ಮೂರನೆಯವನಿಗೆ ಒಂದು ಹಗುರ ಏಟು, ಅನಂತರ ಬಂದವರಿಗೆ ಒಂದೊಂದು ಹೆಚ್ಚು. ಮಕ್ಕಳು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ಕೂಡುತ್ತಿದ್ದರು. ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಕಲಿಯುವ ಕಿರಿಯರನ್ನು ಭಾಗಶಃ ಹಿರಿಯ ವಿದ್ಯಾರ್ಥಿಗಳಿಗೆ ಒಪ್ಪಿಸಿ, ಹಲಗೆಯ ಮೇಲೂ ಕಡತದ ಮೇಲೂ ಬಳಪ ಹಿಡಿದು ಬರೆಯುವಷ್ಟು ಮುಂದುವರಿದವರನ್ನು ಅಯ್ಯನು ತಾನೇ ನೋಡಿಕೊಳ್ಳುತ್ತ, ಇಡೀ ಮಠದ ಮೇಲೂ ಕಣ್ಣಿಟ್ಟಿರುತ್ತಿದ್ದನು. ಕಡತವೆಂದರೆ ಗಂಜಿ ಹಾಕಿದ ಬಟ್ಟೆಗೆ ಇದ್ದಿಲು ಮತ್ತು ಅಂಟು ಬಳಿದು ಪುಸ್ತಕದಂತೆ ಮಡಿಸಿದ, ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಾದ ಸಾಧನ.

ಪಠ್ಯಗಳ ಅರ್ಥ ತಿಳಿಯದೆ ಉರುಹೊಡೆಸುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಕಟುವಾಗಿ ಟೀಕಿಸಿದರೂ, ಮುಂದಿದ್ದವನು ಹಿಂದಿನವನಿಗೆ ಹೇಳಿಕೊಡುವಾಗ ಅವನ ಸ್ವಂತ ತಿಳಿವಳಿಕೆಯೂ ಗಟ್ಟಿಯಾಗುತ್ತದೆಂಬುದನ್ನು ಸ್ಪಷ್ಟವಾಗಿ ಕಂಡುಕೊಂಡು, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದು ಬರೆದನು. ಈ ಕ್ರಮವನ್ನು ಇಂಗ್ಲೆಂಡ್ ಎರವಲು ಪಡೆದಿದ್ದರೂ ಆ ಸಾಲ ತೀರಿರಲಿಲ್ಲ: 533 ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ನೆರವಿರಲಿಲ್ಲ, ಮತ್ತು ವಿಲಾಯತಿ ಬಟ್ಟೆಯ ಹೊಡೆತಕ್ಕೆ ನೇಕಾರರ ದುಡಿಮೆ ಕುಸಿದು ಜನ ಬಡವಾದುದು ಶಾಲೆಗಳು ಕ್ಷೀಣಿಸಲು ಒಂದು ಕಾರಣವೆಂದು ಅದೇ ವರದಿ ಒಪ್ಪಿಕೊಳ್ಳುತ್ತದೆ.

ಅನುಕರಣೆ ಆರಂಭವಾದದ್ದು ಮದರಾಸಿನ ಎಗ್ಮೋರಿನಲ್ಲಿ. ಯುರೋಪಿಯನ್ ಸೈನಿಕರ ಗಂಡುಮಕ್ಕಳಿಗಾಗಿ, ಅದರಲ್ಲೂ ಬಹುಪಾಲು ಭಾರತೀಯ ತಾಯಂದಿರ ಮಕ್ಕಳಿಗಾಗಿ, ಅಲ್ಲಿ ಸ್ಥಾಪಿತವಾದ ಅನಾಥಾಲಯದ ಮೇಲ್ವಿಚಾರಣೆಯನ್ನು 1789ರಲ್ಲಿ ವಹಿಸಿಕೊಂಡ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್, ಆಗಿನ ಯುರೋಪಿಯನ್ನರು ಮಲಬಾರಿ ಎಂದು ಕರೆಯುತ್ತಿದ್ದ ತಮಿಳು ಶಾಲೆಯೊಂದರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ಅದನ್ನೇ ತನ್ನಲ್ಲಿ ತರಲು ಹೊರಟನು. ಕೈಕೆಳಗಿನ ಉಪಾಧ್ಯಾಯರು ಒಲ್ಲೆವೆಂದಾಗ ಆತ ಆ ಕೆಲಸವನ್ನು ಸುಮಾರು ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೆ ವಹಿಸಿದನು. ದೊಡ್ಡವರಿಗೆ ಆಗದೆಂದು ತೋರಿದ್ದು ಆ ಬಾಲಕನಿಂದ ನಡೆಯಿತು. ಬೇರೆ ಹುಡುಗರಿಗೂ ಇಂಥದೇ ಹೊಣೆ ಹಂಚಿದ ಬೆಲ್, ಊರಿಗೆ ಮರಳಿದ ಬಳಿಕ 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ವರದಿಯನ್ನು ಪ್ರಕಟಿಸಿದನು. ಮದರಾಸ್ ಪದ್ಧತಿ ಎಂಬ ಹೆಸರು ಹೀಗೆ ಹುಟ್ಟಿತು.

ಅದೇ ಸುಮಾರಿಗೆ ಲಂಡನ್ನಿನ ಸದರ್ಕ್‌ನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬ ಯುವಕ ಬಡಮಕ್ಕಳಿಗಾಗಿ ಶಾಲೆ ತೆರೆದು ಇಂಥದೇ ಕ್ರಮವನ್ನು ಬೇರೊಂದು ದಿಕ್ಕಿಗೆ ಒಯ್ದನು. ನೂರಾರು ಮಕ್ಕಳಿಗೆ ಒಬ್ಬನೇ ಮೇಷ್ಟ್ರು ಸಾಕೆಂಬ ಅಗ್ಗದ ಲೆಕ್ಕಾಚಾರವು ಕೈಗಾರಿಕಾ ಇಂಗ್ಲೆಂಡಿಗೆ ಹಿಡಿಸಿತು. ಪಾಠ ಒಪ್ಪಿಸಿಕೊಳ್ಳುವವನೊಬ್ಬ, ಹಲಗೆ ಹಂಚುವವನೊಬ್ಬ, ಶಿಸ್ತು ನೋಡುವವನೊಬ್ಬ ಎಂದು ಮಾನಿಟರುಗಳ ಶ್ರೇಣಿಯೇ ನಿರ್ಮಾಣವಾಗಿ, ತಪ್ಪು ಮಾಡಿದವನ ಕುತ್ತಿಗೆಗೆ ಮರದ ಕೊರಡು ತೂಗುಹಾಕುವಂಥ ಶಿಕ್ಷೆಗಳೂ ಬಂದವು. ಇಬ್ಬರ ಅನುಯಾಯಿಗಳೂ 1811 ಮತ್ತು 1814ರ ವೇಳೆಗೆ ಪ್ರತ್ಯೇಕ ಸಂಘಗಳಾಗಿ ಸ್ಪರ್ಧೆಗಿಳಿದರು. ಆ ಸ್ಪರ್ಧೆಗಿಂತ ಇಲ್ಲಿ ಮುಖ್ಯವಾದುದು ಮುಂದಾಳು ಮಗುವಿನ ಸ್ಥಾನದಲ್ಲಾದ ಬದಲಾವಣೆ. ಬಳ್ಳಾರಿಯ ಮಠದಲ್ಲಿ ಕಿರಿಯರಿಗೆ ತಿದ್ದಿಸಿದ ಹುಡುಗನು ತನ್ನ ಪಾಠಕ್ಕಾಗಿ ಅಯ್ಯನ ಮುಂದೆಯೇ ಕೂಡುತ್ತಿದ್ದನು. ಇಂಗ್ಲೆಂಡಿನ ದೊಡ್ಡ ಸಭಾಂಗಣದ ಶಾಲೆಯಲ್ಲಿ ಮಾನಿಟರು ತನಗೇ ಅರೆಬರೆ ತಿಳಿದದ್ದನ್ನು ದಿನವಿಡೀ ಒಪ್ಪಿಸಿಕೊಳ್ಳುವ ಕಾವಲುಗಾರನಾದನು. ಕೂಲಿಮಠವನ್ನು ಬಡಶಾಲೆಯೆಂದು ಕಡೆಗಣಿಸುವವರು ಈ ಭೇದವನ್ನು ಗಮನಿಸಬೇಕು.

ಇಂಗ್ಲೆಂಡಿನ ಶಾಲಾ ತನಿಖಾಧಿಕಾರಿಗಳು 1840ರ ದಶಕದಲ್ಲಿ ಈ ಕೊರತೆಯನ್ನೇ ಎತ್ತಿ ತೋರಿಸಿದರು. ಶಿಕ್ಷಣಾಡಳಿತಗಾರ ಜೇಮ್ಸ್ ಕೇ-ಶಟ್ಲ್‌ವರ್ತ್‌ನ ಪ್ರಯತ್ನದಿಂದ 1846ರಲ್ಲಿ ಜಾರಿಗೆ ಬಂದ ಹೊಸ ವ್ಯವಸ್ಥೆಯು ಕನಿಷ್ಠ 13 ವರ್ಷ ತುಂಬಿದವರನ್ನು ಐದು ವರ್ಷಗಳ ಕಾಲ ಶಿಷ್ಯ-ಶಿಕ್ಷಕರನ್ನಾಗಿ, ಅಂದರೆ ಸಂಬಳ ಪಡೆದು ಕಲಿಸುತ್ತಲೇ ವೃತ್ತಿ ಕಲಿಯುವ ಉಮೇದುವಾರರನ್ನಾಗಿ, ತೆಗೆದುಕೊಂಡಿತು. ಅಲ್ಲದೆ ಶಾಲೆಯ ವೇಳೆಯ ಹೊರಗೆ ಅವರಿಗೆಂದೇ ವಾರಕ್ಕೆ ಐದು ದಿನ ಒಂದೂವರೆ ಗಂಟೆ ಪಾಠ ಹೇಳುವ ಕರ್ತವ್ಯವನ್ನು ಮುಖ್ಯ ಶಿಕ್ಷಕನ ಮೇಲೆ ಹೊರಿಸಿತು.