ಓಲ್ಡ್ ಕೋರ್ಸ್, ಸೇಂಟ್ ಆಂಡ್ರ್ಯೂಸ್

ಓಲ್ಡ್ ಕೋರ್ಸ್ ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಸೇಂಟ್ ಆಂಡ್ರ್ಯೂಸ್ ಪಟ್ಟಣದಲ್ಲಿರುವ 18 ಕುಳಿಗಳ ಗಾಲ್ಫ್ ಮೈದಾನ. ಕಡಲತೀರದ ಮರಳುನೆಲದ ಮೇಲೆ ತಾನಾಗಿ ರೂಪುಗೊಂಡ ಈ ಮೈದಾನವು ಜಗತ್ತಿನ ಅತ್ಯಂತ ಹಳೆಯ ಗಾಲ್ಫ್ ಮೈದಾನಗಳಲ್ಲಿ ಒಂದು. ಇಲ್ಲಿ 15ನೆಯ ಶತಮಾನದಿಂದಲೂ ಆಟ ನಡೆದುಬಂದಿದೆ ಎಂದು ಭಾವಿಸಲಾಗಿದೆ. ಇದು ಖಾಸಗಿ ಕ್ಲಬ್ಬಿನ ಸ್ವತ್ತಲ್ಲ, ಸಾರ್ವಜನಿಕ ಭೂಮಿ. ಮೈದಾನದ ಪಾರ್ 72. ಪರಿಣತ ಆಟಗಾರನೊಬ್ಬನು ಒಂದು ಕುಳಿಯನ್ನು ಮುಗಿಸಲು ಬೇಕಾಗುವ ನಿಗದಿತ ಹೊಡೆತಗಳ ಸಂಖ್ಯೆಯನ್ನು ಪಾರ್ ಎನ್ನುತ್ತಾರೆ.

ಇತಿಹಾಸ

1457ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೆಯ ಜೇಮ್ಸನ ಕಾಲದ ಸಂಸತ್ತು, ಜನರು ಬಿಲ್ವಿದ್ಯೆಯನ್ನು ಅಲಕ್ಷಿಸುತ್ತಿದ್ದಾರೆಂಬ ಕಾರಣದಿಂದ ಗಾಲ್ಫ್ ಆಟವನ್ನು ನಿಷೇಧಿಸಿತು. 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ನೀಡಿದ ಸನ್ನದು, ಈ ಮರಳುಗಾವಲಿನಲ್ಲಿ ಆಡುವ ಪಟ್ಟಣಿಗರ ಹಕ್ಕನ್ನು ಮಾನ್ಯಮಾಡಿತು. 1764ರಲ್ಲಿ ಕೆಲವು ಚಿಕ್ಕ ಕುಳಿಗಳನ್ನು ಒಂದುಗೂಡಿಸಿದ್ದರಿಂದ ಒಂದು ಸುತ್ತಿನ 22 ಕುಳಿಗಳು 18ಕ್ಕೆ ಇಳಿದವು. ಮುಂದೆ ಜಗತ್ತಿನೆಲ್ಲೆಡೆ ಇದೇ ಸಂಖ್ಯೆ ರೂಢಿಯಾಯಿತು.

18ನೆಯ ಶತಮಾನದ ಕೊನೆಯಲ್ಲಿ ಈ ಹಕ್ಕಿಗೆ ಕುತ್ತು ಬಂದಿತು. ಸಾಲದಲ್ಲಿದ್ದ ಪಟ್ಟಣ ಆಡಳಿತವು ಭೂಮಿಯನ್ನು ಪರಭಾರೆ ಮಾಡಿತು. ಅದು ಮೊಲ ಸಾಕುವ ವರ್ತಕರ ಕೈಸೇರಿತು. ಮೊಲದ ಬಿಲಗಳಿಂದ ಮೈದಾನ ಹಾಳಾಗತೊಡಗಿದಾಗ ಆಟಗಾರರಿಗೂ ವರ್ತಕರಿಗೂ ದೀರ್ಘಕಾಲದ ವ್ಯಾಜ್ಯ ನಡೆಯಿತು. 1821ರಲ್ಲಿ ಜೇಮ್ಸ್ ಚೀಪ್ ಎಂಬ ಸ್ಥಳೀಯ ಜಮೀನುದಾರನು ಭೂಮಿಯನ್ನು ಕೊಂಡು ಗಾಲ್ಫ್ ಆಟಕ್ಕೆ ಉಳಿಸಿದನು. 1894ರ ಸಂಸತ್ ಕಾಯ್ದೆಯ ಮೂಲಕ ಅದು ಮತ್ತೆ ಪಟ್ಟಣದ ವಶಕ್ಕೆ ಬಂದಿತು. 1974ರ ಕಾಯ್ದೆಯನ್ವಯ ರಚಿತವಾದ ಸೇಂಟ್ ಆಂಡ್ರ್ಯೂಸ್ ಲಿಂಕ್ಸ್ ಟ್ರಸ್ಟ್ ಈಗ ಇದನ್ನು ನಿರ್ವಹಿಸುತ್ತಿದೆ. ಮೊದಲ ಟೀ ಬಳಿ ಕಟ್ಟಡ ಹೊಂದಿರುವ ರಾಯಲ್ ಅಂಡ್ ಏನ್ಶೆಂಟ್ ಕ್ಲಬ್ (ಸ್ಥಾಪನೆ 1754) ಮೈದಾನದ ಒಡೆತನ ಹೊಂದಿಲ್ಲ.

ಮೈದಾನದ ರಚನೆ

ಮೊದಲ ಒಂಬತ್ತು ಕುಳಿಗಳು ಪಟ್ಟಣದಿಂದ ಹೊರಟು ಈಡನ್ ನದೀಮುಖದತ್ತ ಸಾಗುತ್ತವೆ. ಉಳಿದ ಒಂಬತ್ತು ಅವುಗಳ ಪಕ್ಕದಲ್ಲೇ ಪಟ್ಟಣಕ್ಕೆ ಮರಳುತ್ತವೆ. 1, 9, 17 ಮತ್ತು 18ನೆಯ ಕುಳಿಗಳಿಗೆ ಮಾತ್ರ ಪ್ರತ್ಯೇಕ ಗ್ರೀನ್‌ಗಳಿವೆ. ಉಳಿದ 14 ಕುಳಿಗಳು ಏಳು ಜೋಡಿ ಗ್ರೀನ್‌ಗಳನ್ನು ಹಂಚಿಕೊಳ್ಳುತ್ತವೆ. ಪ್ರತಿ ಜೋಡಿಯ ಸಂಖ್ಯೆಗಳನ್ನು ಕೂಡಿದರೆ 18 ಬರುತ್ತದೆ: 2 ಮತ್ತು 16, 3 ಮತ್ತು 15, ಹೀಗೆ. ಮೈದಾನದಲ್ಲಿ 112 ಬಂಕರ್‌ಗಳಿವೆ (ಮರಳುಗುಂಡಿಗಳು). ಇವುಗಳಲ್ಲಿ ಹಲವು ಟೀಯಿಂದ ಕಾಣುವುದಿಲ್ಲ.

ಆಟದ ಸಾಮಾನ್ಯ ಸೂತ್ರ ಹೀಗಿದೆ: ಬಲಗಡೆ ಮುಳ್ಳುಪೊದೆ ಅಥವಾ ಗಡಿಗೋಡೆ ಇರುವುದರಿಂದ ಎಡಕ್ಕೆ ಹೊಡೆಯುವುದು ಸುರಕ್ಷಿತ, ಆದರೆ ಅನೇಕ ಕುಳಿಗಳಲ್ಲಿ ಗ್ರೀನ್‌ಗೆ ಸುಲಭವಾದ ದಾರಿ ತೆರೆದುಕೊಳ್ಳುವುದು ಬಲಗಡೆಯಿಂದಲೇ. ಅಪಾಯಕ್ಕೆ ಒಡ್ಡಿಕೊಂಡವನಿಗೆ ಮುಂದಿನ ಹೊಡೆತ ಹಗುರವಾಗುತ್ತದೆ. ನೆಲ ಗಟ್ಟಿಯಾಗಿದ್ದು ಗಾಳಿ ಬಲವಾಗಿರುವುದರಿಂದ ಚೆಂಡನ್ನು ಎತ್ತರಕ್ಕೆ ಹೊಡೆಯುವುದಕ್ಕಿಂತ ನೆಲದ ಮೇಲೆ ಉರುಳಿಸುವುದು ಹಲವೆಡೆ ಜಾಣತನ.

ಹೊರಹೋಗುವ ಒಂಬತ್ತು ಕುಳಿಗಳು

1. ಬರ್ನ್ (ಪಾರ್ 4): 18ನೆಯ ಕುಳಿಯೊಂದಿಗೆ ಹಂಚಿಕೊಂಡ ಫೇರ್‌ವೇ ಬಹು ಅಗಲವಾಗಿದ್ದು, ಬಂಕರ್‌ಗಳೇ ಇಲ್ಲ. ಸವಾಲು ಇರುವುದು ಗ್ರೀನ್‌ಗೆ ಅಂಟಿಕೊಂಡಂತೆ ಹರಿಯುವ ಸ್ವಿಲ್ಕನ್ ತೊರೆಯಲ್ಲಿ. ಎರಡನೆಯ ಹೊಡೆತ ಧ್ವಜಕ್ಕಿಂತ ಸ್ವಲ್ಪ ಆಚೆಗೆ ಬೀಳುವುದೇ ಕ್ಷೇಮ.

2. ಡೈಕ್ (ಪಾರ್ 4): ಬಲಕ್ಕೆ ಮುಳ್ಳುಪೊದೆ, ಎಡಕ್ಕೆ ಚೀಪ್ ಹೆಸರಿನ ಬಂಕರ್. ಇವೆರಡರ ನಡುವೆ ನೇರವಾಗಿ ಹೊಡೆಯಬೇಕು.

3. ಕಾರ್ಟ್‌ಗೇಟ್ (ಪಾರ್ 4): ಎಡಗಡೆ ಸ್ಥಳ ವಿಶಾಲವಾಗಿದೆ. ಆದರೆ ಅಲ್ಲಿಂದ ಗ್ರೀನ್‌ಗೆ ಹೊಡೆಯುವವನು ಕಾರ್ಟ್‌ಗೇಟ್ ಬಂಕರನ್ನು ದಾಟಬೇಕು. ಬಲಗಡೆಯ ಚಿಕ್ಕ ಬಂಕರ್‌ಗಳ ಸಮೀಪದಿಂದ ದಾರಿ ಸುಗಮ.

4. ಜಿಂಜರ್ ಬಿಯರ್ (ಪಾರ್ 4): ಬಲಕ್ಕೆ ಇಕ್ಕಟ್ಟಾದ ತಗ್ಗು, ಎಡಕ್ಕೆ ಎತ್ತರದ ದಿಬ್ಬ. ಗ್ರೀನ್ ಮುಂದಿನ ಗುಡ್ಡೆಯು ಬಿರುಸಿಲ್ಲದ ಚೆಂಡನ್ನು ಪಕ್ಕಕ್ಕೆ ತಿರುಗಿಸುತ್ತದೆ.

5. ಹೋಲ್ ಓ'ಕ್ರಾಸ್ (ಪಾರ್ 5): ಬಲಗಡೆಯ ಏಳು ಬಂಕರ್‌ಗಳನ್ನು ತಪ್ಪಿಸಲು ಎಡಕ್ಕೆ ಹೊಡೆಯಬೇಕು. ಗ್ರೀನ್ ಮುಂದೆ ಆಳವಾದ ತಗ್ಗಿದ್ದು ದೂರವನ್ನು ಅಂದಾಜಿಸುವಾಗ ಕಣ್ಣು ಮೋಸಹೋಗುತ್ತದೆ. ಗ್ರೀನ್ ಅತಿ ವಿಸ್ತಾರವಾದುದರಿಂದ ಧ್ವಜದ ಸಮೀಪ ತಲುಪದಿದ್ದರೆ ಪಟ್ ಬಹಳ ಉದ್ದವಾಗುತ್ತದೆ.

6. ಹೀದರಿ (ಪಾರ್ 4): ಮೊದಲ ಹೊಡೆತ ಪೊದೆಗಳ ಮೇಲಿಂದ, ಗುರಿ ಕಾಣದೆ ಹೊಡೆಯಬೇಕಾದದ್ದು. ಎಡಗಡೆ ಕಾಫಿನ್ಸ್ (ಶವಪೆಟ್ಟಿಗೆಗಳು) ಎಂಬ ಬಂಕರ್‌ಗಳಿವೆ. ಎರಡನೆಯ ಹೊಡೆತವನ್ನು ಉರುಳಿಸುವುದು ಒಳ್ಳೆಯದು.

7. ಹೈ (ಪಾರ್ 4): ಫೇರ್‌ವೇ ಬಲಕ್ಕೆ ಬಾಗುತ್ತದೆ. ಇದರ ದಾರಿಯನ್ನು 11ನೆಯ ಕುಳಿಯ ದಾರಿ ಅಡ್ಡಹಾಯುವುದರಿಂದ ಆಟಗಾರರು ಎಚ್ಚರ ವಹಿಸಬೇಕು. ಗ್ರೀನ್ ಮುಂದೆ ಶೆಲ್ ಎಂಬ ದೊಡ್ಡ ಬಂಕರ್ ಇದೆ.

8. ಶಾರ್ಟ್ (ಪಾರ್ 3): ಎದುರಿನ ಬಂಕರ್ ದಾಟುವಷ್ಟು ಬಲದಿಂದ ಹೊಡೆದರೆ ಸಾಕು, ಗಿಡ್ಡ ಹೊಡೆತಕ್ಕೆ ಮಾತ್ರ ದಂಡನೆ.

9. ಎಂಡ್ (ಪಾರ್ 4): ಸಮತಟ್ಟಾದ ಸುಲಭ ಕುಳಿ. ಫೇರ್‌ವೇ ನಡುವಿನ ಎರಡು ಬಂಕರ್‌ಗಳನ್ನು ತಪ್ಪಿಸಿದರೆ ಹೊಡೆತ ಉಳಿಸುವ ಅವಕಾಶವಿದೆ.

ಮರಳುವ ಒಂಬತ್ತು ಕುಳಿಗಳು

10. ಬಾಬಿ ಜೋನ್ಸ್ (ಪಾರ್ 4): 1971ರಲ್ಲಿ ನಿಧನನಾದ ಅಮೆರಿಕದ ಆಟಗಾರನ ಸ್ಮರಣಾರ್ಥ ಈ ಹೆಸರಿಡಲಾಯಿತು. ಗಾಳಿ ಅನುಕೂಲವಾಗಿದ್ದರೆ ಬಲಶಾಲಿಗಳು ಒಂದೇ ಹೊಡೆತದಲ್ಲಿ ಗ್ರೀನ್ ಸಮೀಪಿಸುತ್ತಾರೆ.

11. ಹೈ (ಪಾರ್ 3): ಜಗತ್ತಿನ ಪ್ರಸಿದ್ಧ ಪಾರ್ 3 ಕುಳಿಗಳಲ್ಲಿ ಒಂದು. ಎಡಕ್ಕೆ ಹಿಲ್, ಮುಂದೆ ಬಲಕ್ಕೆ ಸ್ಟ್ರಾತ್ ಎಂಬ ಆಳವಾದ ಬಂಕರ್‌ಗಳು, ಹಿಂದೆ ನದೀಮುಖ. ಗ್ರೀನ್ ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿಯುವುದರಿಂದ ಧ್ವಜದ ಆಚೆ ಬಿದ್ದ ಚೆಂಡನ್ನು ನಿಲ್ಲಿಸುವುದು ಕಷ್ಟ. ಧ್ವಜಕ್ಕಿಂತ ಈಚೆ ನಿಲ್ಲಿಸಿ ಮೇಲ್ಮುಖವಾಗಿ ಪಟ್ ಮಾಡುವುದು ಉತ್ತಮ. 1921ರ ಓಪನ್ ಸ್ಪರ್ಧೆಯಲ್ಲಿ ತರುಣ ಬಾಬಿ ಜೋನ್ಸ್ ಹಿಲ್ ಬಂಕರಿನಲ್ಲಿ ಸಿಲುಕಿ, ಈ ಕುಳಿಯಲ್ಲೇ ಸ್ಪರ್ಧೆಯನ್ನು ಕೈಬಿಟ್ಟನು. ಅದೇ ಜೋನ್ಸ್ 1927ರಲ್ಲಿ ಇದೇ ಮೈದಾನದಲ್ಲಿ ಓಪನ್ ಗೆದ್ದನು; ಮುಂದೆ 1958ರಲ್ಲಿ ಪಟ್ಟಣವು ಅವನಿಗೆ ಗೌರವ ಪೌರತ್ವ ನೀಡಿತು.

12. ಹೀದರಿ (ಪಾರ್ 4): ಟೀಯಿಂದ ನೋಡಿದರೆ ಬಂಕರ್‌ಗಳೇ ಇಲ್ಲವೆನಿಸುತ್ತದೆ, ಫೇರ್‌ವೇ ನಡುವೆಯೇ ಹಲವು ಅಡಗಿವೆ. ಗ್ರೀನ್‌ನ ಎತ್ತರದ ಭಾಗ ಕಿರಿದಾಗಿದ್ದು ನಿಖರತೆ ಬೇಡುತ್ತದೆ.

13. ಹೋಲ್ ಓ'ಕ್ರಾಸ್ (ಪಾರ್ 4): ಕಾಫಿನ್ಸ್ ಬಂಕರ್‌ಗಳು ಇಲ್ಲಿಯೂ ಎದುರಾಗುತ್ತವೆ. ಉಬ್ಬುತಗ್ಗಿನ ನೆಲದ ಆಚೆಗಿರುವ ಗ್ರೀನ್‌ಗೆ ಹೊಡೆಯುವಾಗ ಒಂದಿಷ್ಟು ಹೆಚ್ಚು ಬಲ ಬಳಸಬೇಕು.

14. ಲಾಂಗ್ (ಪಾರ್ 5): ಚಾಂಪಿಯನ್‌ಶಿಪ್ ಟೀಯಿಂದ 600 ಗಜಗಳಿಗೂ ಉದ್ದ. ಬಲಕ್ಕೆ ಗಡಿಗೋಡೆ, ಎಡಕ್ಕೆ ಬಿಯರ್ಡೀಸ್ ಬಂಕರ್‌ಗಳು. ಇವುಗಳ ನಡುವಿನ ಸಮತಟ್ಟು ನೆಲಕ್ಕೆ ಎಲಿಸಿಯನ್ ಫೀಲ್ಡ್ಸ್ ಎಂಬ ಹೆಸರಿದೆ. ಗ್ರೀಕ್ ಪುರಾಣದಲ್ಲಿ ಇದು ಪುಣ್ಯವಂತರ ಲೋಕ. ಅದರ ಮುಂದೆಯೇ ಹೆಲ್ (ನರಕ) ಎಂಬ ಭಾರಿ ಬಂಕರ್. 1995ರ ಓಪನ್‌ನಲ್ಲಿ ಜ್ಯಾಕ್ ನಿಕ್ಲಾಸ್ ಅದರಿಂದ ಹೊರಬರಲು ನಾಲ್ಕು ಹೊಡೆತ ಬಳಸಿ, ಈ ಕುಳಿಗೆ ಒಟ್ಟು 10 ಹೊಡೆತ ತೆಗೆದುಕೊಂಡನು. ಎರಡನೆಯ ಹೊಡೆತವನ್ನು ಎಡಕ್ಕೆ, 5ನೆಯ ಕುಳಿಯ ಫೇರ್‌ವೇ ಕಡೆಗೆ ಹೊಡೆಯುವುದು ವಿವೇಕದ ದಾರಿ.

15. ಕಾರ್ಟ್‌ಗೇಟ್ (ಪಾರ್ 4): ಹೆಚ್ಚು ತೊಡಕಿಲ್ಲದ ಕುಳಿ. ಎಡಗಡೆಯ ಕಾಟೇಜ್ ಮತ್ತು ಫೇರ್‌ವೇಯಲ್ಲಿನ ಸದರ್ಲೆಂಡ್ ಬಂಕರ್‌ಗಳನ್ನು ತಪ್ಪಿಸಬೇಕು.

16. ಕಾರ್ನರ್ ಆಫ್ ದ ಡೈಕ್ (ಪಾರ್ 4): ಫೇರ್‌ವೇ ನಡುವೆ ಪ್ರಿನ್ಸಿಪಲ್ಸ್ ನೋಸ್ ಎಂಬ ಮೂರು ಬಂಕರ್‌ಗಳ ಗುಂಪು, ಬಲಕ್ಕೆ ಹಿಂದಿನ ರೈಲುಮಾರ್ಗದ ಗಡಿ. ಬಲಗಡೆಯ ಕಿರಿದಾದ ಸಂದು ಸಾಹಸಿಗಳಿಗೆ, ಎಡಗಡೆ ಉಳಿದವರಿಗೆ.

17. ರೋಡ್ (ಪಾರ್ 4): 495 ಗಜಗಳ ಈ ಕುಳಿಯನ್ನು ಗಾಲ್ಫ್ ಜಗತ್ತಿನ ಅತಿ ಕಠಿಣ ಕುಳಿಗಳಲ್ಲಿ ಗಣಿಸುತ್ತಾರೆ. ಮೊದಲ ಹೊಡೆತ, ರೈಲ್ವೆ ಶೆಡ್‌ಗಳ ಮಾದರಿಯ ಹೋಟೆಲ್ ಕಟ್ಟಡದ ಮೂಲೆಯ ಮೇಲಿಂದ ಹಾದುಹೋಗಬೇಕು. ಕಿರಿದಾದ ಗ್ರೀನ್ ಓರೆಯಾಗಿ ಮಲಗಿದೆ. ಅದರ ಎಡಕ್ಕೆ ರೋಡ್ ಬಂಕರ್, ಹಿಂದೆ ರಸ್ತೆ ಮತ್ತು ಕಲ್ಲಿನ ಗೋಡೆ. ರಸ್ತೆಯೂ ಆಟದ ಅಂಗವಾದ್ದರಿಂದ ಅಲ್ಲಿಗೆ ಬಿದ್ದ ಚೆಂಡನ್ನು ಅಲ್ಲಿಂದಲೇ ಹೊಡೆಯಬೇಕು. 1978ರಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ಮೇಲಿಂದ ಮಾಡಿದ ಪಟ್ ಈ ಬಂಕರಿಗೆ ಉರುಳಿ, ಆತನಿಗೆ ಒಟ್ಟು 9 ಹೊಡೆತ ಬೇಕಾಯಿತು. 1984ರಲ್ಲಿ ಟಾಮ್ ವಾಟ್ಸನ್ ಹೊಡೆದ ಚೆಂಡು ರಸ್ತೆ ದಾಟಿ ಗೋಡೆಯ ಬಳಿ ನಿಂತಿತು. ಪ್ರಶಸ್ತಿ ಸೆವೆ ಬ್ಯಾಲೆಸ್ಟೆರೋಸ್ ಪಾಲಾಯಿತು. ಎರಡನೆಯ ಹೊಡೆತವನ್ನು ಗ್ರೀನ್‌ನ ಮುಂಭಾಗದ ಬಲಗಡೆಗೆ ತಂದು, ಅಲ್ಲಿಂದ ಪಟ್ ಮಾಡುವುದು ಅನುಭವಿಗಳ ಕ್ರಮ. 2022ರಲ್ಲಿ ಕ್ಯಾಮರಾನ್ ಸ್ಮಿತ್ ಬಂಕರನ್ನು ಬಳಸಿ ಪಟ್ ಮಾಡಿ ಪಾರ್ ಉಳಿಸಿಕೊಂಡು, ಓಪನ್ ಗೆದ್ದನು.

18. ಟಾಮ್ ಮಾರಿಸ್ (ಪಾರ್ 4): ಈ ಗ್ರೀನನ್ನು ರೂಪಿಸಿದ ಹಿರಿಯ ಟಾಮ್ ಮಾರಿಸ್‌ನ ಹೆಸರು. ಆಟಗಾರರು ಸ್ವಿಲ್ಕನ್ ಸೇತುವೆ ದಾಟಿ ಪಟ್ಟಣದೊಳಕ್ಕೆ ಬರುತ್ತಾರೆ. ಫೇರ್‌ವೇ ವಿಶಾಲ, ಬಂಕರ್ ಇಲ್ಲ. ಗ್ರೀನ್ ಮುಂದಿನ ವ್ಯಾಲಿ ಆಫ್ ಸಿನ್ (ಪಾಪದ ಕಣಿವೆ) ಎಂಬ ತಗ್ಗು, ಬಲ ಸಾಲದ ಚೆಂಡನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. 1970ರಲ್ಲಿ ಡಗ್ ಸ್ಯಾಂಡರ್ಸ್ ಇಲ್ಲಿ ಬಹು ಚಿಕ್ಕ ಪಟ್ ತಪ್ಪಿಸಿಕೊಂಡನು. ಮರುದಿನದ ಪ್ಲೇ-ಆಫ್‌ನಲ್ಲಿ ನಿಕ್ಲಾಸ್ ಗೆದ್ದನು.

ಸ್ಪರ್ಧೆಗಳು

ಇಲ್ಲಿ 1873ರಲ್ಲಿ ಮೊದಲ ಬಾರಿಗೆ ನಡೆದ ಓಪನ್ ಚಾಂಪಿಯನ್‌ಶಿಪ್, 2022ರಲ್ಲಿ 30ನೆಯ ಬಾರಿಗೆ ನಡೆಯಿತು. 2000ದಲ್ಲಿ ಟೈಗರ್ ವುಡ್ಸ್ ನಾಲ್ಕು ಸುತ್ತುಗಳಲ್ಲಿ ಒಂದು ಬಂಕರಿಗೂ ಬೀಳದೆ ಎಂಟು ಹೊಡೆತಗಳ ಅಂತರದಿಂದ ಗೆದ್ದನು. ಮಹಿಳೆಯರ ಓಪನ್ 2007, 2013 ಮತ್ತು 2024ರಲ್ಲಿ ಇಲ್ಲಿ ನಡೆದಿದೆ.

ಸಾರ್ವಜನಿಕ ಪ್ರವೇಶ

ನಿಗದಿತ ಮಟ್ಟದ ಆಟವಿರುವ ಯಾರೇ ಆದರೂ ಶುಲ್ಕ ತೆತ್ತು ಇಲ್ಲಿ ಆಡಬಹುದು. ದಿನನಿತ್ಯದ ಕೆಲವು ಅವಕಾಶಗಳನ್ನು ಚೀಟಿ ಎತ್ತುವ ಮಾದರಿಯಲ್ಲಿ ಹಂಚಲಾಗುತ್ತದೆ. ಸಾಮಾನ್ಯವಾಗಿ ಭಾನುವಾರಗಳಂದು ಆಟವಿರುವುದಿಲ್ಲ. ಅಂದು ಪಟ್ಟಣಿಗರು ಮಕ್ಕಳೊಂದಿಗೆ, ಸಾಕುನಾಯಿಗಳೊಂದಿಗೆ ಮೈದಾನದಲ್ಲಿ ತಿರುಗಾಡುತ್ತಾರೆ.