ಇಂಜಿನ್ನಿನ ನೀರಿಗೊಬ್ಬ ಕಾವಲುಗಾರ



ಅಕ್ಕೋಳ ಸೀಮೆಯಲ್ಲಿ ಚಕ್ಕಡಿ ಮಾಡುತ್ತಿದ್ದ ಕೆಲಸವನ್ನು ಈಗ ಬಹಳ ಮಟ್ಟಿಗೆ ಪಿಕಪ್ ಗಾಡಿ ಮಾಡ್ತದೆ. ಮಾಲು ಹೇರಿಕೊಂಡು ಬೇಸಿಗೆಯಲ್ಲಿ ತವಂದಿ ಘಾಟ ಏರುವಾಗ ಇಂಜಿನ್ನು ಕಾಯ್ದು ನಿಂತರೆ ಎದೆ ಧಸಕ್ಕೆನ್ನುತ್ತದೆ. ಆಗ ಕೆಲವರು ಹೇಳ್ತಾರೆ: "ಒಳಗಿನ ಥರ್ಮೋಸ್ಟಾಟ್ ತೆಗೆದು ಒಗೀರಿ, ಗಾಡಿ ತಂಪಾಗ್ತದ." ಈ ಮಾತು ಖರೇ ಏನು? ಆ ಸಾಮಾನು ಯಾಕೆ ಹುಟ್ಟಿತೆಂಬ ಇತಿಹಾಸ ಕೇಳಿ, ಆಮೇಲೆ ನೀವೇ ಹೇಳಿರಿ.

ಜರ್ಮನಿಯ ಕಾರ್ಲ್ ಬೆಂಜ್ ಕಟ್ಟಿದ ಮೊದಲ ಮೋಟಾರು ಗಾಡಿಯಲ್ಲಿ ನೀರು ಕುದ್ದು ಉಗಿಯಾಗಿ ಹೋಗುತ್ತಿತ್ತು. 1888ರಲ್ಲಿ ಆತನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಮಕ್ಕಳೊಡನೆ ಅಂಥ ಗಾಡಿಯಲ್ಲಿ ದೂರದ ತವರಿಗೆ ಹೊರಟಾಗ, ದಾರಿಯುದ್ದಕ್ಕೂ ನೀರು ಹಾಕುತ್ತ ಹೋಗಬೇಕಾಯಿತು. 1900ರಲ್ಲಿ ವಿಲ್ಹೆಲ್ಮ್ ಮೇಬ್ಯಾಕ್ ಎಂಬಾತ ಜೇನುಹುಟ್ಟಿನಂಥ ರೇಡಿಯೇಟರ್ ಮಾಡಿದ. ಕಾಯ್ದ ನೀರು ಅದರಲ್ಲಿ ಗಾಳಿಗೆ ಆರಿ ಮತ್ತೆ ಇಂಜಿನ್ನಿಗೆ ಬರತೊಡಗಿತು.

ಇನ್ನು ನಮ್ಮ ಕಡೆ ಬರೋಣ. ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರದಿಂದ ಆರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು ರೈತರಿಗೆ ಕಬ್ಬಿಣದ ನೇಗಿಲು ಮಾಡಿಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. 1946ರಲ್ಲಿ ಅದೇ ಮನೆತನದ ಆಯಿಲ್ ಇಂಜಿನ್ ಕಂಪನಿ ಪುಣೆಯಲ್ಲಿ ಆರಂಭವಾಯಿತು. ಬಾವಿಯ ದಂಡೆಯ ಇಂಜಿನ್ನು ಹಿರಿಯರಿಗೆ ನೆನಪಿರಬೇಕು. ಪಂಪಿನ ನೀರಿನಿಂದಲೇ ಒಂದು ಸಣ್ಣ ನಳಿಗೆಯನ್ನು ಇಂಜಿನ್ನಿಗೆ ಕೊಡುತ್ತಿದ್ದರು. ಹೊರಬೀಳುವ ನೀರಿಗೆ ಕೈಯೊಡ್ಡಿ, ಬಹಳ ಸುಡುತ್ತಿದ್ದರೆ ತೋಟಿ ಬಿಚ್ಚುವುದು, ತೀರ ತಣ್ಣಗಿದ್ದರೆ ಬಿಗಿ ಮಾಡುವುದು. ಅಲ್ಲಿ ಅಜ್ಜನ ಕೈಯೇ ಥರ್ಮೋಸ್ಟಾಟ್, ನೋಡ್ರಿ!

ಓಡುವ ಗಾಡಿಯಲ್ಲಿ ಕೈಯೊಡ್ಡುವವರಾರು? ಅದಕ್ಕೇ ಈ ಕಾವಲುಗಾರ ಬಂದ. 1930ರ ದಶಕದಲ್ಲಿ ಅಮೆರಿಕದಲ್ಲಿ ಸರ್ಜಿಯಸ್ ವರ್ನೆಟ್ ಎಂಬಾತ ಮೇಣದ ಥರ್ಮೋಸ್ಟಾಟನ್ನು ರೂಪಿಸಿದ. ಪುಟ್ಟ ಲೋಹದ ಡಬ್ಬಿಯಲ್ಲಿ ಮೇಣ. ಇಂಜಿನ್ನು ತಣ್ಣಗಿದ್ದಾಗ ಬಾಗಿಲು ಮುಚ್ಚಿರುತ್ತದೆ. ನೀರು ಸುಮಾರು 80 ಡಿಗ್ರಿ ದಾಟಿತೆಂದರೆ ಮೇಣ ಕರಗಿ ಉಬ್ಬಿ ಬಾಗಿಲು ತೆರೆಯುತ್ತದೆ, ನೀರು ರೇಡಿಯೇಟರಿಗೆ ಹೋಗುತ್ತದೆ.

ಇದನ್ನು ಕಿತ್ತರೆ ಇಂಜಿನ್ನು ಬೇಗ ಬಿಸಿಯಾಗದು. ಡೀಸೆಲ್ ಪೂರಾ ಉರಿಯದು, ಖರ್ಚು ಏರುತ್ತದೆ, ಎಣ್ಣೆ ಕೆಡುತ್ತದೆ, ಸಿಲಿಂಡರು ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಂತೂ ಒಳಗಿನ ಅಡ್ಡದಾರಿ ತೆರೆದೇ ಉಳಿದು, ಬಹಳಷ್ಟು ನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುತ್ತದೆ. ಗಾಡಿ ಇನ್ನಷ್ಟು ಕಾಯುತ್ತದೆ. ಆದ್ದರಿಂದ ಕಿತ್ತು ಒಗೆಯಬ್ಯಾಡ್ರಿ, ಕೆಟ್ಟಿದ್ದರೆ ಹೊಸದು ಹಾಕಿಸಿರಿ.

ಮೊದಲು ನೀರಿನ ಮಟ್ಟ, ಸೋರಿಕೆ, ಬೆಲ್ಟು, ಫ್ಯಾನು ನೋಡಿರಿ. ಕಾಯ್ದ ರೇಡಿಯೇಟರಿನ ಮುಚ್ಚಳ ಎಂದೂ ಬಿಚ್ಚಬಾರದು. ಉಗಿ ಮುಖಕ್ಕೆ ಹಾರೀತು. ಇಂಜಿನ್ನು ಪೂರಾ ಆರಿದ ಮೇಲೆ ಥರ್ಮೋಸ್ಟಾಟ್ ತೆಗೆದು, ದಾರಕ್ಕೆ ಕಟ್ಟಿ, ನೀರಿನ ಪಾತ್ರೆಯಲ್ಲಿ ತೂಗಬಿಟ್ಟು ಕಾಯಿಸಿರಿ. ನೀರು ಕುದಿಯುವ ಹೊತ್ತಿಗೂ ಬಾಗಿಲು ತೆರೆಯದಿದ್ದರೆ ಅದು ಕೆಟ್ಟಿದೆ. ತಣ್ಣಗಿರುವಾಗಲೇ ತೆರೆದುಕೊಂಡಿದ್ದರೂ ಕೆಟ್ಟಿದೆ. ಆ ಪಾತ್ರೆಯನ್ನು ಮತ್ತೆ ಅಡಿಗೆಗೆ ಬಳಸಬ್ಯಾಡ್ರಿ.

ಹೊಸದು ಕೊಳ್ಳುವಾಗ ಹಳೆಯದರ ಮೇಲೆ ಕೊರೆದ ಡಿಗ್ರಿ ನೋಡಿ, ಅಷ್ಟೇ ಡಿಗ್ರಿಯದನ್ನು ತರಬೇಕು. ಮೇಣದ ಡಬ್ಬಿಯ ಮುಖ ಇಂಜಿನ್ನಿನ ಕಡೆಗಿರಲಿ. ಹಳೆ ಗ್ಯಾಸ್ಕೆಟ್ ಕೆರೆದು ಹೊಸದು ಕೂರಿಸಿರಿ. ಬೋರಿನ ಗಡಸು ನೀರು ಬೇಡ, ಅದರ ಸುಣ್ಣ ರೇಡಿಯೇಟರಿನಲ್ಲಿ ಕಟ್ಟುತ್ತದೆ. ಕಂಪನಿ ಹೇಳಿದ ಕೂಲಂಟ್ ಹಾಕಿರಿ. ಒಳಗೆ ಸಿಕ್ಕಿದ ಗಾಳಿ ಹೊರಹೋದ ಮೇಲೆ, ಇಂಜಿನ್ನು ಆರಿದಾಗ ಮಟ್ಟವನ್ನು ಮತ್ತೊಮ್ಮೆ ನೋಡಿರಿ.

ಕಾಯ್ದ ಇಂಜಿನ್ನು ಓಡಿಸಿದರೆ ಹೆಡ್ಡೇ ಸೊಟ್ಟಾಗಿ ದೊಡ್ಡ ಖರ್ಚು ಬಂದೀತು. ಅದರ ಮುಂದೆ ಈ ಪುಟ್ಟ ಸಾಮಾನಿನ ಬೆಲೆ ಯಾವ ಲೆಕ್ಕ? ಅಜ್ಜನ ಕೈ ಮಾಡುತ್ತಿದ್ದ ಕೆಲಸ ಇದು, ಮಾಡಲು ಬಿಡೋಣ.