ಪ್ರಯಾಣದಲ್ಲಿ ಲ್ಯಾಪ್‌ಟಾಪಿಗೆ ಇಂಟರ್ನೆಟ್: ಗಡಿನಾಡಿನ ಸದಸ್ಯರಿಗೆ ಮಾಹಿತಿ



ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುವ ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿ ಗಡಿನಾಡು ಮತ್ತು ಹೊರನಾಡು ಕನ್ನಡಿಗರ ಮಕ್ಕಳಿಗೂ ಅವಕಾಶವಿದೆ. ಅರ್ಜಿ, ಕಾಲೇಜುಗಳ ಆಯ್ಕೆ, ಶುಲ್ಕ ಪಾವತಿ ಎಲ್ಲವೂ ಆನ್‌ಲೈನ್. ಪ್ರತಿಯೊಂದಕ್ಕೂ ಕೊನೆಯ ದಿನ, ಕೊನೆಯ ಗಂಟೆ ನಿಗದಿಯಾಗಿರುತ್ತದೆ. ನಾವು ಬಸ್ಸಿನಲ್ಲೋ ರೈಲಿನಲ್ಲೋ ಇರುವಾಗಲೇ ಆ ಗಂಟೆ ಬರಬಹುದು. ಉದ್ದನೆಯ ಪಟ್ಟಿ ತುಂಬಲು ಫೋನಿಗಿಂತ ಲ್ಯಾಪ್‌ಟಾಪ್ ಅನುಕೂಲ. ಅದಕ್ಕೆ ದಾರಿಯಲ್ಲಿ ಇಂಟರ್ನೆಟ್ ಪಡೆಯುವ ಬಗೆಯನ್ನು ಇಲ್ಲಿ ಕೊಟ್ಟಿದೆ.

1. ಮೊದಲ ಆಸರೆ: ನಿಮ್ಮದೇ ಫೋನ್

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಪಾಸ್‌ವರ್ಡ್ ಇಟ್ಟು, ಲ್ಯಾಪ್‌ಟಾಪಿನ ವೈ-ಫೈ ಪಟ್ಟಿಯಲ್ಲಿ ಫೋನಿನ ಹೆಸರನ್ನು ಆರಿಸಿ. ಹೆಸರೇ ಕಾಣದಿದ್ದರೆ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ನಿಂದ 2.4ಕ್ಕೆ ಬದಲಿಸಿ, ಹಳೆಯ ಲ್ಯಾಪ್‌ಟಾಪ್‌ಗಳಿಗೆ 5 ತಿಳಿಯುವುದಿಲ್ಲ. ಚಾರ್ಜಿಂಗ್ ಕೇಬಲ್‌ನಿಂದ ಎರಡನ್ನೂ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆರಿಸಿದರೆ ಫೋನಿನ ಬ್ಯಾಟರಿಯೂ ಉಳಿಯುತ್ತದೆ.

ವಿಂಡೋಸ್ 10 ಅಥವಾ 11 ಇದ್ದರೆ ಆ ವೈ-ಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಇಲ್ಲವಾದರೆ ಲ್ಯಾಪ್‌ಟಾಪಿನ ಅಪ್‌ಡೇಟ್‌ಗಳೇ ದಿನದ ಡೇಟಾವನ್ನು ತಿಂದುಬಿಡಬಹುದು. ಅರ್ಜಿ ತುಂಬಲು ಹೆಚ್ಚು ಡೇಟಾ ಬೇಡ. ಒಂದು ಗಂಟೆಯ ವಿಡಿಯೋ ಸಭೆಗೆ ಮಾತ್ರ ಸುಮಾರು 1 ಜಿ.ಬಿ. ಹೋಗುತ್ತದೆ; ಕ್ಯಾಮೆರಾ ಮುಚ್ಚಿ ಧ್ವನಿ ಮಾತ್ರ ಇಟ್ಟರೆ ಬಹಳ ಉಳಿತಾಯ.

2. ಗಡಿ ದಾಟುವಾಗ

ಮೊಬೈಲ್ ಕಂಪನಿಗಳ ಪರವಾನಗಿ ಸರ್ಕಲ್ ಲೆಕ್ಕದಲ್ಲಿದೆ. ಕರ್ನಾಟಕ, ಕೇರಳ, ತಮಿಳುನಾಡು ಬೇರೆ ಬೇರೆ ಸರ್ಕಲ್‌ಗಳು. ಗೋವಾ ಮಹಾರಾಷ್ಟ್ರ ಸರ್ಕಲ್‌ನಲ್ಲಿಯೂ ತೆಲಂಗಾಣ ಆಂಧ್ರ ಸರ್ಕಲ್‌ನಲ್ಲಿಯೂ ಸೇರಿವೆ. ಗಡಿಯಲ್ಲಿ ಫೋನ್ ಒಂದು ಸರ್ಕಲ್‌ನ ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುವಾಗ ಕರೆ ಬಂದರೂ ಇಂಟರ್ನೆಟ್ ನಿಲ್ಲುವುದುಂಟು. ಆಗ ಮಾಡಬೇಕಾದದ್ದು ಎರಡು: ‘ಡೇಟಾ ರೋಮಿಂಗ್’ ಆನ್ ಇದೆಯೇ ನೋಡಿ, ಏರೋಪ್ಲೇನ್ ಮೋಡ್ ಹಾಕಿ ಅರ್ಧ ನಿಮಿಷದ ನಂತರ ತೆಗೆಯಿರಿ. ವಿದೇಶಕ್ಕೆ ಹೋಗುವಾಗ ಮಾತ್ರ ಡೇಟಾ ರೋಮಿಂಗ್ ಮುಚ್ಚಿಡಿ, ಅಲ್ಲಿನ ದರವೇ ಬೇರೆ.

ವಯನಾಡಿನಿಂದ ಗುಂಡ್ಲುಪೇಟೆಗೆ ಬರುವ ಬಂಡೀಪುರ ಕಾಡುದಾರಿಯಲ್ಲಿ, ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ ಸಿಗ್ನಲ್ ನಂಬುವಂತಿಲ್ಲ. ಕೆಲಸವನ್ನು ಕಾಡು ಹೊಗುವ ಮುನ್ನವೇ ಮುಗಿಸಿ.

3. ಎರಡನೆಯ ಆಸರೆ: ಸಾರ್ವಜನಿಕ ವೈ-ಫೈ

ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್ ಸಂಸ್ಥೆಯ ‘ರೈಲ್‌ವೈರ್’ ವೈ-ಫೈ ಇದೆ. 2016ರಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಆರಂಭವಾದ ಇದು ಈಗ 6,000ಕ್ಕೂ ಹೆಚ್ಚು ನಿಲ್ದಾಣಗಳಿಗೆ ಹರಡಿದೆ. ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ಹಾಕಿದರೆ ದಿನಕ್ಕೆ ಮೊದಲ 30 ನಿಮಿಷ ಉಚಿತ. ಮುಂದಕ್ಕೆ ಹಣ ಕೊಡಬೇಕು. ಇದು ನಿಲ್ದಾಣದ ಆವರಣದಲ್ಲಿ ಮಾತ್ರ. ರೈಲು ಹೊರಟರೆ ಸಂಪರ್ಕವೂ ಹೋಯಿತು.

ಕೇರಳದ ಸದಸ್ಯರಿಗೆ ಅಲ್ಲಿನ ಸರ್ಕಾರದ ‘ಕೆ-ಫೈ’ ಹಲವು ಬಸ್ ನಿಲ್ದಾಣ, ಕಚೇರಿಗಳಲ್ಲಿ ಒಂದು ಮಿತಿಯವರೆಗೆ ಉಚಿತ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಪಿಎಂ-ವಾಣಿ’ ಯೋಜನೆಯಲ್ಲಿ ಚಹಾ ಅಂಗಡಿ, ಕಿರಾಣಿ ಅಂಗಡಿಯವರೂ ಪರವಾನಗಿ ಶುಲ್ಕವಿಲ್ಲದೆ ವೈ-ಫೈ ಮಾರಬಹುದು.

ಇವುಗಳಲ್ಲಿ ಹೆಚ್ಚಿನವು ಒಟಿಪಿಯಿಂದಲೇ ತೆರೆಯುವುದು. ಆದುದರಿಂದ ಸಿಮ್ ಇರುವ ಫೋನ್ ಕೈಯಲ್ಲಿರಬೇಕು, ರೀಚಾರ್ಜ್ ಮುಗಿದಿರಬಾರದು.

4. ಎಚ್ಚರಿಕೆ

ನಿಲ್ದಾಣದ ಅಥವಾ ಹೋಟೆಲಿನ ಹೆಸರನ್ನೇ ಹೋಲುವ ನಕಲಿ ವೈ-ಫೈ ಇಡುವವರಿದ್ದಾರೆ. ಸರಿಯಾದ ಹೆಸರನ್ನು ಸಿಬ್ಬಂದಿಯನ್ನು ಕೇಳಿ ತಿಳಿಯಿರಿ. ಉಚಿತ ವೈ-ಫೈ ಎಂದು ಹೇಳಿ ಕಾರ್ಡ್ ಸಂಖ್ಯೆ, ಪಿನ್ ಕೇಳಿದರೆ ಅಲ್ಲಿಗೇ ಬಿಡಿ. ಶುಲ್ಕ ಪಾವತಿ, ಬ್ಯಾಂಕ್ ವ್ಯವಹಾರಗಳನ್ನು ಫೋನಿನ ಹಾಟ್‌ಸ್ಪಾಟ್‌ನಲ್ಲೇ ಮಾಡಿ. ಕೆಲಸ ಮುಗಿದ ಮೇಲೆ ಸಾರ್ವಜನಿಕ ವೈ-ಫೈಯನ್ನು ‘ಫರ್ಗೆಟ್’ ಮಾಡಿ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಿ; ಅದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ.

5. ಹೊರಡುವ ಹಿಂದಿನ ದಿನ

ಮನೆಯಲ್ಲೇ ಒಮ್ಮೆ ಹಾಟ್‌ಸ್ಪಾಟ್ ಜೋಡಿಸಿ ನೋಡಿ. ಅಂಕಪಟ್ಟಿ, ಪ್ರಮಾಣಪತ್ರಗಳ ಪ್ರತಿಗಳನ್ನು ಲ್ಯಾಪ್‌ಟಾಪಿನಲ್ಲೇ ಉಳಿಸಿಡಿ. ಮನೆಯವರೊಬ್ಬರ ಬಳಿ ಬೇರೆ ಕಂಪನಿಯ ಸಿಮ್ ಇರಲಿ. ಒಂದರ ಟವರ್ ಸಿಗದ ಊರಿನಲ್ಲಿ ಇನ್ನೊಂದು ಸಿಕ್ಕೀತು. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಗಂಟೆಗೆ ಕಾಯಬೇಡಿ. ನಮ್ಮ ಮಕ್ಕಳಿಗೆ ದೊರೆತ ಅವಕಾಶ ಸಿಗ್ನಲ್ ಇಲ್ಲವೆಂಬ ಕಾರಣಕ್ಕೆ ತಪ್ಪಿಹೋಗಬಾರದು.

— ಕಾರ್ಯದರ್ಶಿ